ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ವಿಮಾನದ ದೂರ ಮತ್ತು ಪ್ರಯಾಣದ ಹೊತ್ತನ್ನು ನೀವೇ ಲೆಕ್ಕ ಹಾಕುವ ಬಗೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಬದಲಾಗುವುದಿಲ್ಲ, ಪ್ರಯಾಣದ ಹೊತ್ತು ಮಾತ್ರ ಬದಲಾಗುತ್ತಲೇ ಇರುತ್ತದೆ. ಒಂದೇ ವಿಮಾನ ಹೋಗುವಾಗ 16 ಗಂಟೆ, ಬರುವಾಗ 17 ಮುಕ್ಕಾಲು ಗಂಟೆ ತೆಗೆದುಕೊಳ್ಳುವುದು, ಒಬ್ಬರ ಟಿಕೆಟ್ಟಿನಲ್ಲಿ 19 ಗಂಟೆ ಇದ್ದದ್ದು ಇನ್ನೊಬ್ಬರದರಲ್ಲಿ 27 ಗಂಟೆ ಆಗುವುದು, ಇವಕ್ಕೆಲ್ಲ ಕಾರಣಗಳಿವೆ. ಅವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಬೇಕಾದದ್ದು ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ (ಫೋನನ್ನು ಅಡ್ಡ ತಿರುಗಿಸಿದರೆ ಹೆಚ್ಚಿನವುಗಳಲ್ಲಿ ಬರುತ್ತದೆ) ಮತ್ತು ಅರ್ಧ ಗಂಟೆ ಬಿಡುವು. ಇಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಜೋಡಿಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದ ಎಷ್ಟೋ ಮನೆಗಳಿಗೆ ಈ ದಾರಿ ಪರಿಚಿತ. ಜೊತೆಗೆ ಭೂಗೋಳದ ಹೆಚ್ಚುಕಮ್ಮಿ ಎದುರುಬದುರಿನಲ್ಲಿರುವ ಊರುಗಳಾದ್ದರಿಂದ ಲೆಕ್ಕದಲ್ಲಿ ಬರಬಹುದಾದ ತೊಡಕುಗಳೆಲ್ಲ ಇದರಲ್ಲೇ ಸಿಗುತ್ತವೆ.

ಮೊದಲ ಹೆಜ್ಜೆ: ಯಾವ ನಿಲ್ದಾಣ, ಎಲ್ಲಿದೆ?

ಊರಿನ ಹೆಸರು ಹಿಡಿದು ಹೊರಡಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ಹಿಡಿಯಿರಿ. ಬೆಂಗಳೂರಿನದು ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊದು ಎಸ್‌ಎಫ್‌ಒ. ಸ್ಯಾನ್ ಹೋಸೆ ಎಂದು ಹುಡುಕಿದರೆ ಕ್ಯಾಲಿಫೋರ್ನಿಯಾದ ಎಸ್‌ಜೆಸಿ ಬರಬಹುದು, ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಎಸ್‌ಜೆಒ ಕೂಡ ಬರಬಹುದು.

ಬೆಂಗಳೂರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ದೇವನಹಳ್ಳಿಯ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಅದಕ್ಕೂ ಮೊದಲು ಬಿಎಲ್‌ಆರ್ ಎಂದರೆ ಎಚ್‌ಎಎಲ್ ನಿಲ್ದಾಣ. ಹಳೆಯ ಪಟ್ಟಿಗಳಲ್ಲಿ ಇನ್ನೂ ಎಚ್‌ಎಎಲ್‌ನ ಅಕ್ಷಾಂಶವೇ ಇರುವುದುಂಟು. 14,000 ಕಿ.ಮೀ. ಲೆಕ್ಕದಲ್ಲಿ ಇದು ದೊಡ್ಡ ತಪ್ಪೇನಲ್ಲ, ಆದರೆ ಬೆಂಗಳೂರು–ಮಂಗಳೂರಿನಂಥ ಹತ್ತಿರದ ದೂರದಲ್ಲಿ ಎದ್ದು ಕಾಣುತ್ತದೆ.

ನಮಗೆ ಬೇಕಾದ ನಾಲ್ಕು ಸಂಖ್ಯೆಗಳು:

ಬೆಂಗಳೂರು: ಅಕ್ಷಾಂಶ 13.198° ಉತ್ತರ, ರೇಖಾಂಶ 77.706° ಪೂರ್ವ
ಸ್ಯಾನ್ ಫ್ರಾನ್ಸಿಸ್ಕೊ: ಅಕ್ಷಾಂಶ 37.619° ಉತ್ತರ, ರೇಖಾಂಶ 122.375° ಪಶ್ಚಿಮ

ಇವು ದಶಮಾಂಶದಲ್ಲಿವೆ. ನಕ್ಷೆಗಳಲ್ಲಿ 13° 11′ 52″ ಎಂದಿದ್ದರೆ ಅದನ್ನು 13.1152 ಎಂದು ಬರೆದುಕೊಳ್ಳಬಾರದು. ಮಿನಿಟನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸಿ. ಹಾಗೇ ಬರೆದುಕೊಂಡರೆ ನಿಲ್ದಾಣ 9 ಕಿ.ಮೀ. ಜಾರಿಬಿಡುತ್ತದೆ.

ಎರಡನೆಯ ಹೆಜ್ಜೆ: ಮಹಾವೃತ್ತದ ದೂರ

ಗೋಡೆಯ ಮೇಲಿನ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರ ದಾಟುವಂತೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದೇ ಹತ್ತಿರದ ದಾರಿ ಎನಿಸುತ್ತದೆ. ಅಲ್ಲ. ಸಾಮಾನ್ಯ ಮರ್ಕೇಟರ್ ನಕ್ಷೆಯ ಮೇಲಿನ ಆ ನೇರ ಗೆರೆಯನ್ನು ಭೂಮಿಯ ಮೇಲೆ ಅಳೆದರೆ ಸುಮಾರು 16,100 ಕಿ.ಮೀ. ಆಗುತ್ತದೆ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಮಹಾವೃತ್ತದ (ಭೂಮಿಯನ್ನು ಸರಿಯಾಗಿ ಎರಡು ಅರ್ಧ ಮಾಡುವ ವೃತ್ತದ) ಮೇಲಿದೆ, ಅದು ಇದಕ್ಕಿಂತ 2,100 ಕಿ.ಮೀ. ಕಡಿಮೆ.

ಲೆಕ್ಕವಿಲ್ಲದೆಯೂ ಇದನ್ನು ನೋಡಬಹುದು. ಮನೆಯಲ್ಲಿ 30 ಸೆಂ.ಮೀ. ವ್ಯಾಸದ ಶಾಲೆಯ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ತಾನಾಗಿಯೇ ಉತ್ತರಕ್ಕೆ ಸರಿದು ಕೂರುತ್ತದೆ. ದಾರದ ಉದ್ದ ಸುಮಾರು 33 ಸೆಂ.ಮೀ. ಬರಬೇಕು. ಆ ಗಾತ್ರದ ಗ್ಲೋಬಿನಲ್ಲಿ 1 ಸೆಂ.ಮೀ. ಎಂದರೆ 425 ಕಿ.ಮೀ., ಹಾಗಾಗಿ 33 ಸೆಂ.ಮೀ. ಎಂದರೆ 14,000 ಕಿ.ಮೀ. ಮಕ್ಕಳಿಗೆ ಭೂಗೋಳ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಈಗ ಕ್ಯಾಲ್ಕುಲೇಟರ್. ಮೊದಲು ಅದು ಡಿಗ್ರಿ ಮೋಡಿನಲ್ಲಿದೆಯೇ ನೋಡಿಕೊಳ್ಳಿ. 30ರ ಸೈನ್ ಒತ್ತಿದರೆ 0.5 ಬರಬೇಕು. −0.988 ಬಂದರೆ ಅದು ರೇಡಿಯನ್ ಮೋಡಿನಲ್ಲಿದೆ, ಮುಂದಿನದೆಲ್ಲ ತಪ್ಪಾಗುತ್ತದೆ.

ರೇಖಾಂಶಗಳ ಅಂತರ ತೆಗೆಯಿರಿ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ಕೂಡಿಸಬೇಕು: 77.706 + 122.375 = 200.081°. ಇದು 180 ಮೀರಿದೆ. ಅಂದರೆ ಪಶ್ಚಿಮಕ್ಕೆ ಹೊರಟರೆ 200°, ಪೂರ್ವಕ್ಕೆ ಹೊರಟರೆ 360 − 200.081 = 159.919°. ಚಿಕ್ಕದನ್ನು ಇಟ್ಟುಕೊಳ್ಳಿ. ಹೆಚ್ಚು ಜನ ಎಡವುವುದು ಇಲ್ಲೇ: ಪಶ್ಚಿಮ ರೇಖಾಂಶವನ್ನು ಪೂರ್ವವೆಂದೇ ಭಾವಿಸಿ ಕಳೆದುಬಿಡುತ್ತಾರೆ. ಆಗ 44.67° ಬಂದು ಸ್ಯಾನ್ ಫ್ರಾನ್ಸಿಸ್ಕೊ ಚೀನಾದ ಕರಾವಳಿಯ ಬಳಿ ಹಳದಿ ಸಮುದ್ರಕ್ಕೆ ಬಂದುಬಿಡುತ್ತದೆ.

ಇನ್ನು ಸೂತ್ರ: ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶದ ಅಂತರದ ಕೊಸೈನನ್ನೂ ಗುಣಿಸಿ. ಎರಡೂ ಗುಣಲಬ್ಧಗಳನ್ನು ಕೂಡಿಸಿದರೆ ಬರುವುದು ದೂರದ ಕೋನದ ಕೊಸೈನ್.

0.2283 × 0.6104 = 0.1394
0.9736 × 0.7921 × (−0.9392) = −0.7243
ಕೂಡಿಸಿದರೆ −0.5849

ಇದರ ವಿಲೋಮ ಕೊಸೈನ್ 125.8°. ಮಹಾವೃತ್ತದ ಮೇಲೆ ಒಂದು ಡಿಗ್ರಿಗೆ 111.195 ಕಿ.ಮೀ. (ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡಾಗ). ಗುಣಿಸಿದರೆ ಸುಮಾರು 13,990 ಕಿ.ಮೀ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಕೆಲವೇ ಕಿಲೋಮೀಟರು. ಉತ್ತರವನ್ನು ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಕೋಡ್ ಹಾಕಿ ತಾಳೆ ನೋಡಬಹುದು.

ಅಲ್ಲಿ ಬರುವ ಸಂಖ್ಯೆ ಬೇರೆ ಕಂಡರೆ ಗಾಬರಿ ಬೇಡ, ಅಳತೆಯ ಮಾನ ನೋಡಿ. ಇದೇ ದೂರ ಸಾಮಾನ್ಯ ಮೈಲಿಗಳಲ್ಲಿ ಸುಮಾರು 8,690, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಗಳಲ್ಲಿ ಸುಮಾರು 7,550. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ವಿಮಾನದೊಳಗಿನ ಪರದೆಯ ಮೇಲೆ ಮೂರೂ ಬಂದುಹೋಗುವುದುಂಟು.

ಮೂರನೆಯ ಹೆಜ್ಜೆ: ವಿಮಾನ ನಿಜವಾಗಿ ಹಾರುವ ದಾರಿ

ಈ ಮಹಾವೃತ್ತದ ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೆ ನೋಡಿ. ಬೆಂಗಳೂರಿನಿಂದ ಉತ್ತರಕ್ಕೆ ಮುಖ ಮಾಡಿ, ಪೂರ್ವದ ಕಡೆ ಬರೇ 20 ಡಿಗ್ರಿ ಹೊರಳಿ ಹೊರಟರೆ ಗೋರಖ್‌ಪುರದ ಆಸುಪಾಸು, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ. ಅಲ್ಲಿಂದ ಪೂರ್ವ ಸೈಬೀರಿಯಾ ಸಮುದ್ರದ ಮೇಲೆ 71° ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಹಾದು, ಪೆಸಿಫಿಕ್ ಅಂಚಿನಲ್ಲಿ ಕೆಳಗಿಳಿಯುತ್ತದೆ. ಗೆರೆಯಾಗಿ ಚೆಂದ, ಆದರೆ ಅದರ ಮೇಲೆಯೇ ಹಾರುವುದಕ್ಕೆ ಅಡ್ಡಿಗಳಿವೆ.

ಮೊದಲನೆಯದು ಟಿಬೆಟ್. ವಿಮಾನದೊಳಗೆ ಗಾಳಿಯ ಒತ್ತಡ ತಪ್ಪಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಪ್ರಯಾಣಿಕರ ಮುಖವಾಡಗಳಿಗೆ ಬರುವ ಆಮ್ಲಜನಕ ಹೆಚ್ಚಿನ ವಿಮಾನಗಳಲ್ಲಿ ಸ್ವಲ್ಪ ನಿಮಿಷಗಳಿಗಷ್ಟೇ ಸಾಲುತ್ತದೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಇಳಿಯಲು ಜಾಗವಿಲ್ಲ. ಹಾಗಾಗಿ ವಿಶೇಷ ಸಿದ್ಧತೆಯಿಲ್ಲದ ವಿಮಾನಗಳು ಅದನ್ನು ತಪ್ಪಿಸಿ ಸುತ್ತುಹಾಕಿಕೊಂಡು ಹೋಗುತ್ತವೆ.

ಎರಡನೆಯದು ದೇಶಗಳ ಆಕಾಶ. 2022ರ ಫೆಬ್ರವರಿಯ ನಂತರ ಅಮೆರಿಕ ಮತ್ತು ಯುರೋಪಿನ ಹೆಚ್ಚಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಹಾಗಾಗಿ ಒಂದೇ ಎರಡು ಊರುಗಳ ನಡುವೆ ಬೇರೆ ಬೇರೆ ದೇಶದ ಕಂಪನಿಗಳಿಗೆ ಬೇರೆ ಬೇರೆ ದೂರ. ಎರಡು ವರ್ಷದ ಹಿಂದೆ ಯಾರೋ ಹೋದಾಗ ಇಷ್ಟು ಗಂಟೆ ಆಗಿತ್ತು ಎಂಬ ಮಾತನ್ನು ಇಂದಿನ ಟಿಕೆಟ್ಟಿಗೆ ಅಳತೆಗೋಲು ಮಾಡಬೇಡಿ.

ಮೂರನೆಯದು ಚಳಿ. ಧ್ರುವದ ಹತ್ತಿರ ಹಾರುವಾಗ ಟ್ಯಾಂಕಿನಲ್ಲಿರುವ ಇಂಧನದ ತಾಪ ನೋಡುತ್ತಿರಬೇಕು. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನದ ಘನೀಭವನ ಮಿತಿ −40° ಸೆ., ನಮ್ಮಲ್ಲಿ ತುಂಬಿಸುವ ಜೆಟ್ ಎ-1ರದು −47° ಸೆ. ಇಂಧನ ಈ ಮಿತಿಗೆ ಸಮೀಪಿಸಿದರೆ ಪೈಲಟ್ ಕೆಳಗಿಳಿಯಬೇಕು ಅಥವಾ ವೇಗ ಹೆಚ್ಚಿಸಬೇಕು.

ಕೆಲವೊಮ್ಮೆ ಉದ್ದದ ದಾರಿಯೇ ಅನುಕೂಲ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ಕೈಯಲ್ಲಿ, ಉತ್ತರ ಧ್ರುವದ ಮೇಲಿಂದ ಸುಮಾರು 16,000 ಕಿ.ಮೀ. ಹಾರಿ ಜನವರಿ 11ರ ನಸುಕಿನಲ್ಲಿ ದೇವನಹಳ್ಳಿಗೆ ಇಳಿಯಿತು. ಗೆರೆಯ ಲೆಕ್ಕ 14,000, ಹಾರಿದ್ದು 16,000. ವಿಮಾನ ಕಂಪನಿಗಳ ಡಿಸ್ಪ್ಯಾಚರ್‌ಗಳು (ನೆಲದಲ್ಲಿ ಕೂತು ಹಾರಾಟದ ಯೋಜನೆ ಹಾಕುವವರು) ದಾರಿ ಆರಿಸುವಾಗ ನೋಡುವುದು ಕಿಲೋಮೀಟರನ್ನಲ್ಲ, ಗಾಳಿ ಸೇರಿಸಿಕೊಂಡು ಆಗುವ ಹೊತ್ತನ್ನು ಮತ್ತು ಇಂಧನವನ್ನು.

ಮನೆಯಲ್ಲಿ ಕೂತು ಅಂದಾಜು ಮಾಡುವವರು ಮಹಾವೃತ್ತದ ದೂರಕ್ಕೆ ಶೇ. 5 ಸೇರಿಸಿಕೊಳ್ಳಿ, ಮುಚ್ಚಿದ ಆಕಾಶ ಅಡ್ಡ ಬರುವ ದಾರಿಯಾದರೆ ಶೇ. 7 ಅಥವಾ ಇನ್ನೂ ಹೆಚ್ಚು. ನಮ್ಮ ಜೋಡಿಗೆ ಶೇ. 5 ಸೇರಿಸಿದರೆ 14,690 ಕಿ.ಮೀ.

ನಾಲ್ಕನೆಯ ಹೆಜ್ಜೆ: ವೇಗ, ಗಾಳಿ, ಹೊತ್ತು

ಬೋಯಿಂಗ್ 777ರಂಥ ದೊಡ್ಡ ವಿಮಾನ ಶಬ್ದದ ವೇಗದ ಶೇ. 84ರಷ್ಟು ವೇಗದಲ್ಲಿ ಸಾಗುತ್ತದೆ. 11 ಕಿ.ಮೀ. ಎತ್ತರದ −56° ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ., ಅಂದರೆ ವಿಮಾನದ್ದು ಸುಮಾರು 890. ಇದು ಗಾಳಿಯೊಳಗಿನ ವೇಗ. ನೆಲದ ಮೇಲಿನ ವೇಗ ಬೇಕಾದರೆ ಬೆನ್ನ ಹಿಂದಿನ ಗಾಳಿಯನ್ನು ಕೂಡಿಸಿ, ಎದುರು ಗಾಳಿಯನ್ನು ಕಳೆಯಬೇಕು.

ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ ಆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಆಚೆಗಿನ ಪೆಸಿಫಿಕ್ ಮೇಲೆ ಅದು ಅತಿ ಬಿರುಸು, ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. ಪೂರ್ವದ ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನಕ್ಕೆ ಅದು ಬೆನ್ನ ಹಿಂದೆ ಬರುತ್ತದೆ.

ಇಡೀ ದಾರಿಗೆ ಸರಾಸರಿ 50 ಕಿ.ಮೀ. ಹಿಂಗಾಳಿ ಎಂದಿಟ್ಟುಕೊಂಡರೆ: 14,690 ÷ 940 = 15.6 ಗಂಟೆ. ರನ್‌ವೇಗೆ ಹೋಗುವ ಹೊತ್ತು, ಏರುವಾಗ ಇಳಿಯುವಾಗಿನ ನಿಧಾನ, ಇಳಿದ ಮೇಲೆ ಗೇಟಿಗೆ ಬರುವ ಹೊತ್ತು ಎಲ್ಲಕ್ಕೂ 35ರಿಂದ 40 ನಿಮಿಷ ಸೇರಿಸಿ. 16 ಗಂಟೆ 15 ನಿಮಿಷದ ಆಸುಪಾಸು. ಬರುವಾಗ ದಾರಿಯನ್ನು ಉತ್ತರಕ್ಕೆ ಬಾಗಿಸಿ ಎದುರು ಗಾಳಿಯನ್ನು ಆದಷ್ಟು ತಪ್ಪಿಸುತ್ತಾರೆ. ಶೇ. 7 ಸೇರಿಸಿ 14,970 ಕಿ.ಮೀ., ಸರಾಸರಿ 20 ಕಿ.ಮೀ. ಎದುರು ಗಾಳಿ ಎಂದುಕೊಂಡರೆ 14,970 ÷ 870 = 17.2 ಗಂಟೆ, ಜೊತೆಗೆ 35 ನಿಮಿಷ, ಒಟ್ಟು 17 ಮುಕ್ಕಾಲು ಗಂಟೆ.

ಹೋಗುವಾಗ ಗಾಳಿಯಿಂದ ಉಳಿದ ಹೊತ್ತು ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. 9,000 ಕಿ.ಮೀ. ದಾರಿ, 100 ಕಿ.ಮೀ. ಗಾಳಿ ಎನ್ನಿ. ಗಾಳಿಯೇ ಇಲ್ಲದಿದ್ದರೆ 10 ಗಂಟೆ 7 ನಿಮಿಷ. ಹಿಂಗಾಳಿಯಲ್ಲಿ 9 ಗಂಟೆ 5 ನಿಮಿಷ, ಉಳಿದದ್ದು ಒಂದು ಗಂಟೆ. ಎದುರು ಗಾಳಿಯಲ್ಲಿ 11 ಗಂಟೆ 24 ನಿಮಿಷ, ಕಳೆದದ್ದು ಒಂದೂಕಾಲು ಗಂಟೆ. ಎದುರು ಗಾಳಿ ಇರುವಾಗ ವಿಮಾನ ಅದರಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಅದೇ ಕಾರಣ.

ನಿಮ್ಮ ಅಂದಾಜನ್ನು ಒರೆಗೆ ಹಚ್ಚಲು ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರೇಡಾರ್24 ತಾಣದಲ್ಲಿ ಆ ವಿಮಾನದ ಸಂಖ್ಯೆ ಹಾಕಿ, ಹಿಂದಿನ ಕೆಲವು ದಿನಗಳಲ್ಲಿ ನಿಜವಾಗಿ ಎಷ್ಟು ಹೊತ್ತು ಹಾರಿತು ನೋಡಿ. ಅಲ್ಲಿರುವುದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹೊತ್ತು. ಟಿಕೆಟ್ಟಿನಲ್ಲಿರುವುದು ಗೇಟಿನಿಂದ ಗೇಟಿಗೆ, ಮೇಲೆ ಕಂಪನಿ ತಡಕ್ಕೆಂದು ಸೇರಿಸಿಕೊಂಡ ನಿಮಿಷಗಳೂ ಇರುತ್ತವೆ. ಎರಡರ ನಡುವೆ ಅರ್ಧದಿಂದ ಒಂದು ಗಂಟೆಯ ವ್ಯತ್ಯಾಸ ಕಂಡರೆ ಅದು ಸಹಜ.

ಐದನೆಯ ಹೆಜ್ಜೆ: ಟಿಕೆಟ್ಟಿನ ಗಡಿಯಾರ ಬಿಡಿಸುವುದು

ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಎರಡನ್ನೂ ಭಾರತದ ಹೊತ್ತಿಗೆ ತಂದುಕೊಂಡ ಮೇಲೆ ಮಾತ್ರ ಕಳೆಯಿರಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ 13 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಹಿಂದೆ.

ಒಂದು ಮಾದರಿ: ಜನವರಿ 10ರ ಮಧ್ಯಾಹ್ನ 2:00ಕ್ಕೆ ಬೆಂಗಳೂರು ಬಿಟ್ಟು, ಅದೇ ಜನವರಿ 10ರ ಸಂಜೆ 4:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಎರಡೂವರೆ ಗಂಟೆಯ ಪ್ರಯಾಣ ಅಲ್ಲ ಇದು. ಸಂಜೆ 4:30ಕ್ಕೆ 13:30 ಸೇರಿಸಿದರೆ ಭಾರತದಲ್ಲಿ ಜನವರಿ 11ರ ಬೆಳಗ್ಗೆ 6:00. ಹಿಂದಿನ ಮಧ್ಯಾಹ್ನ 2ರಿಂದ ಎಣಿಸಿದರೆ 16 ಗಂಟೆ. ಇದೇ ವೇಳೆ ಜುಲೈ ಟಿಕೆಟ್ಟಿನಲ್ಲಿದ್ದರೆ 12:30 ಸೇರಿಸಬೇಕು, ಆಗ ಪ್ರಯಾಣ 15 ಗಂಟೆ ಆಗುತ್ತದೆ. ನೇರ ವಿಮಾನಕ್ಕೆ ಅದು ಅನುಮಾನಿಸಬೇಕಾದಷ್ಟು ಕಡಿಮೆ, ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ವಾಪಸು: ಜನವರಿ 10ರ ರಾತ್ರಿ 9:00ಕ್ಕೆ ಅಲ್ಲಿಂದ ಹೊರಟು ಜನವರಿ 12ರ ನಸುಕಿನ 4:15ಕ್ಕೆ ಬೆಂಗಳೂರು. ಹೊರಟ ಹೊತ್ತು ಭಾರತದಲ್ಲಿ 11ರ ಬೆಳಗ್ಗೆ 10:30. ಅಲ್ಲಿಂದ 17 ಗಂಟೆ 45 ನಿಮಿಷ. ಟಿಕೆಟ್ಟಿನ ಮೂಲೆಯಲ್ಲಿ ಪುಟ್ಟದಾಗಿ +2 ಎಂದಿರುತ್ತದೆ. ಅದನ್ನು ಗಮನಿಸದೆ ಒಂದು ದಿನ ಮೊದಲೇ ಕಾರು ಹಿಡಿದು ದೇವನಹಳ್ಳಿಗೆ ಬರುವವರು ಇದ್ದಾರೆ.

ಅಮೆರಿಕದ ಬೇಸಿಗೆ ಗಡಿಯಾರ ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಯುರೋಪಿನದು ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ ಅಮೆರಿಕ ಬದಲಾಗಿರುತ್ತದೆ, ಯುರೋಪ್ ಬದಲಾಗಿರುವುದಿಲ್ಲ. ಆ ಮೂರು ವಾರ ಮತ್ತು ಅಕ್ಟೋಬರ್ ಕೊನೆಯ ವಾರ ಫ್ರಾಂಕ್‌ಫರ್ಟ್ ಅಥವಾ ಲಂಡನ್ ಮೂಲಕ ಹೋಗುವವರ ನಡುವಿನ ಕಾಯುವಿಕೆ ಒಂದು ಗಂಟೆ ಹಿಗ್ಗಬಹುದು, ಕುಗ್ಗಲೂಬಹುದು. ಕುಗ್ಗಿದರೆ ಮುಂದಿನ ವಿಮಾನ ತಪ್ಪುವ ಅಪಾಯವಿದೆ. ಈ ವಾರಗಳ ಟಿಕೆಟ್ ಕೊಂಡವರು ಹೊರಡುವ ಮೊದಲು ಸಮಯವನ್ನು ಮತ್ತೊಮ್ಮೆ ನೋಡಲೇಬೇಕು.

ಮಧ್ಯರಾತ್ರಿಯ ವಿಮಾನಗಳದು ಇನ್ನೊಂದು ಕಾಟ. ಶನಿವಾರ 00:40 ಎಂದಿದ್ದರೆ ನಿಲ್ದಾಣಕ್ಕೆ ಹೊರಡಬೇಕಾದದ್ದು ಶುಕ್ರವಾರ ಸಂಜೆ. ಶನಿವಾರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ.

ಆರನೆಯ ಹೆಜ್ಜೆ: ನಡುವೆ ಎಲ್ಲಿ ಇಳಿದರೆ ಹತ್ತಿರ?

ನೇರ ವಿಮಾನ ನಿಮ್ಮ ದಿನಾಂಕಕ್ಕೆ ಇದೆಯೇ ಎಂದು ಮೊದಲು ನೋಡಿ. ಇಂಥ ಅತಿ ದೂರದ ಸೇವೆಗಳು ಶುರುವಾಗುವುದು, ನಿಲ್ಲುವುದು, ವಾರದ ದಿನ ಬದಲಾಗುವುದು ಆಗಾಗ ಇದ್ದದ್ದೇ. ಇಲ್ಲವಾದರೆ ಎರಡು ತುಂಡುಗಳ ದೂರವನ್ನು ಮೇಲಿನ ಸೂತ್ರದಿಂದಲೇ ತೆಗೆದು ಕೂಡಿಸಿ. ನಮ್ಮ ಜೋಡಿಗೆ ಬರುವ ಉತ್ತರಗಳು ಹೀಗಿವೆ:

ಟೋಕಿಯೊ ನರಿತಾ ಮೂಲಕ: 6,700 + 8,230 = 14,930 ಕಿ.ಮೀ.
ದುಬೈ ಮೂಲಕ: 2,700 + 13,020 = 15,720 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,580 = 16,760 ಕಿ.ಮೀ.

ಅಮೆರಿಕ ಎಂದರೆ ಪಶ್ಚಿಮ, ಕೊಲ್ಲಿ ಅಥವಾ ಯುರೋಪಿನ ಮೂಲಕವೇ ಹೋಗಬೇಕು ಎಂದು ಬೆಂಗಳೂರಿನವರಿಗೆ ರೂಢಿಯಾಗಿಬಿಟ್ಟಿದೆ. ಅಮೆರಿಕದ ಪೂರ್ವ ಕರಾವಳಿಗೆ ಅದು ಸರಿ. ಪಶ್ಚಿಮ ಕರಾವಳಿಗೆ ಮಾತ್ರ ಈ ನಾಲ್ಕರಲ್ಲಿ ಟೋಕಿಯೊ ಅತಿ ಹತ್ತಿರದ ದಾರಿ, ನೇರ ದೂರಕ್ಕಿಂತ ಶೇ. 7ರಷ್ಟೇ ಹೆಚ್ಚು. ಮೇಲೆ ಹಿಂಗಾಳಿಯೂ ಸಿಗುತ್ತದೆ: ಬೆಂಗಳೂರು–ನರಿತಾ ಸುಮಾರು 8 ಗಂಟೆ, ನರಿತಾ–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 9 ಗಂಟೆ 10 ನಿಮಿಷ. ದುಬೈ ಮೂಲಕ ಹಾರಾಟವೇ 19 ಮುಕ್ಕಾಲು ಗಂಟೆ ದಾಟುತ್ತದೆ. ವಾಪಸು ಬರುವಾಗ ಟೋಕಿಯೊ ದಾರಿಯ ಅನುಕೂಲ ಕರಗುತ್ತದೆ, ಅದೇ ಗಾಳಿ ಎದುರಾಗುತ್ತದೆ. ಎರಡು ದಿಕ್ಕಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ನೋಡುವುದು ಇದಕ್ಕೇ.

ಕಾಯುವಿಕೆಯನ್ನು ತೀರ ಕಡಿಮೆ ಇಟ್ಟುಕೊಳ್ಳಬೇಡಿ. ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನಗಳಿದ್ದರೆ ಎರಡರಿಂದ ಮೂರು ಗಂಟೆ ಹಿತ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿಗೆ ಯಾವ ಹೊಣೆಯೂ ಇಲ್ಲ, ಆರು ಗಂಟೆಯೂ ಹೆಚ್ಚಲ್ಲ. ಅಮೆರಿಕದೊಳಗೇ ವಿಮಾನ ಬದಲಿಸುವವರು, ಉದಾಹರಣೆಗೆ ನ್ಯೂಯಾರ್ಕಿನಲ್ಲಿ, ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಬೇಕು. ಸಾಮಾನ್ಯವಾಗಿ ಲಗೇಜನ್ನೂ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕಾಗುತ್ತದೆ. ಅಲ್ಲಿಗೆ ಮೂರು ಗಂಟೆಗಿಂತ ಕಡಿಮೆ ಬೇಡ. ಅಬುಧಾಬಿಯಲ್ಲಿ ಅಮೆರಿಕದ ಇಮಿಗ್ರೇಷನ್ ತಪಾಸಣೆ ಹತ್ತುವ ಮೊದಲೇ ಮುಗಿಯುತ್ತದೆ. ಅಲ್ಲಿ ಕಾಯುವ ಹೊತ್ತು ಹೆಚ್ಚಿಟ್ಟುಕೊಂಡರೆ ಆ ಕಡೆ ಇಳಿದಾಗ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಅವರಷ್ಟಕ್ಕೇ ಕಳಿಸುವಾಗ ಒಂದೆರಡು ಗಂಟೆ ಹೆಚ್ಚಾದರೂ ಒಂದೇ ಕಡೆ ಬದಲಿಸುವ, ಒಂದೇ ಟಿಕೆಟ್ಟಿನ ದಾರಿ ಆರಿಸಿ. ಮಾತ್ರೆಗಳ ಹೊತ್ತನ್ನು ಗಡಿಯಾರ ನೋಡಿ ಅಲ್ಲ, ಕಳೆದ ಗಂಟೆಗಳನ್ನು ಎಣಿಸಿ ಬರೆದುಕೊಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುಂಚೆ ವೈದ್ಯರಿಂದಲೇ ವೇಳಾಪಟ್ಟಿ ಬರೆಸಿಕೊಳ್ಳಲಿ.

ಮನೆಯಿಂದ ಮನೆಗೆ

ಹಾರಾಟಕ್ಕೆ 16 ಗಂಟೆ ಎಂದರೆ ಪ್ರಯಾಣಕ್ಕೆ 24 ಗಂಟೆ ಎಂದು ಹಿಡಿಯಿರಿ. ಮೆಜೆಸ್ಟಿಕ್‌ನಿಂದ ದೇವನಹಳ್ಳಿ ನಿಲ್ದಾಣ ಸುಮಾರು 35 ಕಿ.ಮೀ.; ಹೆಬ್ಬಾಳದ ಸಂಜೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯ ಮಂಜು ವಿಮಾನಗಳನ್ನು ತಡ ಮಾಡುತ್ತದೆ. ಆ ಹೊತ್ತಿಗೆ ಹೊರಟು ಕೊಲ್ಲಿಯಲ್ಲಿ ಬದಲಿಸುವವರಿಗೆ ಒಂದು ಗಂಟೆ ಹೆಚ್ಚು ಬೇಕು.

ಸ್ಯಾನ್ ಫ್ರಾನ್ಸಿಸ್ಕೊದ ಮಂಜುಮೋಡ ಹೆಚ್ಚಾಗಿ ಬೇಸಿಗೆಯ ಬೆಳಗಿನದು. ಅಲ್ಲಿ ಇಳಿಯಲು ಬಳಸುವ ಎರಡು ರನ್‌ವೇಗಳ ನಡುವೆ ಬರೇ 230 ಮೀಟರ್ ಅಂತರ. ಪೈಲಟ್‌ಗಳಿಗೆ ಪಕ್ಕದ ವಿಮಾನ ಕಣ್ಣಿಗೆ ಕಾಣದಿದ್ದರೆ ಜೋಡಿಯಾಗಿ ಇಳಿಸುವಂತಿಲ್ಲ, ಇಳಿಯುವ ವಿಮಾನಗಳ ಸಾಲು ಬೆಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಾಮಾನ್ಯವಾಗಿ ಮೋಡ ಸರಿಯುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹಿಡಿಯುವವರು ಮಧ್ಯಾಹ್ನದ ನಂತರ ಇಳಿಯುವಂತೆ ನೋಡಿಕೊಳ್ಳಿ.

ಕರೆದೊಯ್ಯಲು ಬರುವವರು ವಿಮಾನ ನೆಲ ಮುಟ್ಟುವ ಹೊತ್ತಿಗೆ ಸನಿವೇಲ್ ಅಥವಾ ಫ್ರೀಮಾಂಟ್‌ನಿಂದ ಹೊರಟರೂ ನಡೆಯುತ್ತದೆ. ಗೇಟಿಗೆ ಬಂದು, ಇಮಿಗ್ರೇಷನ್ ಸಾಲು ದಾಟಿ, ಪೆಟ್ಟಿಗೆಗಳನ್ನು ಎತ್ತಿಕೊಂಡು ಹೊರಬರಲು ಒಂದರಿಂದ ಎರಡು ಗಂಟೆ ಹಿಡಿಯುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ಸಾರಿನಪುಡಿ ಇದ್ದವರು ಕಸ್ಟಮ್ಸ್‌ನಲ್ಲಿ ತಿನಿಸು ಇದೆ ಎಂದು ಹೇಳಿಬಿಡಬೇಕು. ಹೇಳಿದರೆ ಪೆಟ್ಟಿಗೆ ತೆರೆದು ನೋಡಲು ಇನ್ನರ್ಧ ಗಂಟೆ ಹೋಗಬಹುದು, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾಗಬಹುದು. ಆ ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.